ಮುಖಪುಟದಲ್ಲಿ ಮುಖವೇ ಕಾಣಲಿಲ್ಲ

ಮಾತು ಶುರು ಮಾಡೋದಕ್ಕೆ ಮುಂಚೆ ಒಂದು ಸಣ್ಣ ಕೆಲಸ ಕೊಡ್ತೀನಿ. ನಿಮ್ಮ ಗ್ಯಾಲರಿಯಲ್ಲಿ ಸಂಜೆ ಹೊತ್ತಲ್ಲಿ ತೆಗೆದ ಒಂದು ಗುಂಪಿನ ಫೋಟೊ ತೆರೆಯಿರಿ. ಹುಟ್ಟುಹಬ್ಬದ್ದೋ, ಜಾತ್ರೆಯದ್ದೋ, ಯಾವುದಾದ್ರೂ ಸರಿ. ಈಗ ಫೋನಿನ ಬ್ರೈಟ್‌ನೆಸ್ ಪೂರ್ತಿ ಕೆಳಗಿಳಿಸಿ. ಯಾರ ಮುಖ ಮೊದಲು ಮಾಯವಾಯ್ತು, ನೋಡಿದ್ರಾ? ಬಸ್ಸಲ್ಲಿ ನಿಂತ್ಕೊಂಡು ಕೇಳ್ತಿರೋರು ಆಮೇಲೆ ಮಾಡಿ, ಪರವಾಗಿಲ್ಲ.

ನಾನು ಇವತ್ತು ಹೇಳೋದು ಒಂದು ಮುಖಪುಟದ ಕಥೆ. ಡಿಗ್ರಿ ಕೊನೇ ವರ್ಷದಲ್ಲಿ ಪ್ರಾಜೆಕ್ಟಿಗೆ ಅಂತ ಮಾಡಿದ ಸಂಗೀತ ಪತ್ರಿಕೆಯ ಮುಖಪುಟ. ಪತ್ರಿಕೆ ಇರಲಿಲ್ಲ. ಒಳಗಿನ ಪುಟ ಒಂದೂ ಇರಲಿಲ್ಲ. ಹೊರಗಿನ ಒಂದೇ ಒಂದು ಹಾಳೆ, ಎ4 ಸೈಜು. ಆ ಒಂದು ಹಾಳೆಗೆ ನನಗೆ ಏಳು ವಾರ ಬೇಕಾಯ್ತು, ಅದರಲ್ಲಿ ಎರಡು ವಾರ ನಾನೇ ಮಾಡಿದ ತಪ್ಪನ್ನ ಸರಿ ಮಾಡೋಕೆ ಹೋಯ್ತು.

ಪ್ರಾಜೆಕ್ಟ್ ಏನಂದ್ರೆ, ಪ್ರತಿಯೊಬ್ಬರೂ ತಮ್ಮದೇ ಒಂದು ಸಂಗೀತ ಪತ್ರಿಕೆ ಕಲ್ಪಿಸ್ಕೊಂಡು ಅದರ ಮುಖಪುಟ ಮಾಡಿ, ನಿಜವಾಗ್ಲೂ ಪ್ರಿಂಟ್ ಹಾಕಿಸಿ 20 ಕಾಪಿ ತಂದು ಕೊಡ್ಬೇಕು. ಫೋಟೊ ನಾವೇ ತೆಗೆದಿರಬೇಕು, ಗೂಗಲ್‌ನಿಂದ ಎತ್ತೋ ಹಾಗಿಲ್ಲ. ಪತ್ರಿಕೆ ಹೆಸರು, ಸಂಚಿಕೆಯ ತಿಂಗಳು, ಬೆಲೆ, ಬಾರ್‌ಕೋಡು, ಒಳಗೆ ಏನಿದೆ ಅಂತ ಹೇಳೋ ಸಾಲುಗಳು, ಎಲ್ಲಾ ಇರಬೇಕು. ಆಮೇಲೆ ವೈವಾ.

ಕ್ಲಾಸಲ್ಲಿ ನಮಗೆ ತೋರಿಸಿದ್ದ ಉದಾಹರಣೆಗಳಲ್ಲಿ ಜಾಸ್ತಿ ರೋಲಿಂಗ್ ಸ್ಟೋನ್ ಪತ್ರಿಕೆಯವು. 1967ರ ನವೆಂಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಶುರುವಾದ ಪತ್ರಿಕೆ, ಮೊದಲ ಸಂಚಿಕೆಯ ಮುಖಪುಟದಲ್ಲೇ ಜಾನ್ ಲೆನನ್. ಅದೇ ಲೆನನ್ 1981ರ ಜನವರಿ 22ರ ಸಂಚಿಕೆಯ ಮುಖಪುಟದಲ್ಲೂ ಇದ್ದ. ಬಟ್ಟೆ ಇಲ್ಲದ ಲೆನನ್, ಬಟ್ಟೆ ತೊಟ್ಟ ಯೋಕೊ ಓನೋನ ಮಗುವಿನ ಥರ ಅಪ್ಪಿಕೊಂಡು ಮಲಗಿರೋ ಫೋಟೊ. ಆ್ಯನಿ ಲೀಬೊವಿಟ್ಜ್ 1980ರ ಡಿಸೆಂಬರ್ 8ರಂದು ತೆಗೆದದ್ದು. ಅವತ್ತು ರಾತ್ರಿಯೇ ಲೆನನ್ ಕೊಲೆ ಆಯ್ತು. ಪತ್ರಿಕೆಯವರು ಮುಖಪುಟದ ಮೇಲೆ ಹೆಡ್‌ಲೈನ್ ಹಾಕಲಿಲ್ಲ. ಹೆಸರು ಮತ್ತು ಫೋಟೊ, ಅಷ್ಟೆ. ಅದನ್ನ ನೋಡಿದ ಮೇಲೆ ನಮ್ಮ ಕ್ಲಾಸಿನ ಅರ್ಧ ಜನ ನಾವೂ ಏನೂ ಬರೆಯಲ್ಲ ಅಂತ ಹೊರಟ್ರು. ಮೇಡಂ ನಕ್ಕು, ‘ಅದು ಲೆನನ್ ಕಣ್ರಪ್ಪ, ನಿಮ್ಮ ರೂಮ್‌ಮೇಟ್ ಅಲ್ಲ’ ಅಂದ್ರು.

ನನ್ನ ಮೊದಲ ಐಡಿಯಾನೂ ರೂಮ್‌ಮೇಟೇ. ಅವಳ ಹತ್ರ ಗಿಟಾರ್ ಇತ್ತು, ನಾಲ್ಕು ಕಾರ್ಡ್ ಬರ್ತಿತ್ತು. ಇಟ್ಟಿಗೆ ಗೋಡೆ ಮುಂದೆ ನಿಲ್ಲಿಸಿ, ಕೂದಲು ಹಾರಿಸಿ, ‘ಇಂಡೀ ಸೆನ್ಸೇಷನ್’ ಅಂತ ಬರೆಯೋದು. ಸ್ಕೆಚ್ ತೋರಿಸಿದೆ. ಮೇಡಂ ಕೇಳಿದ್ದು ಒಂದೇ: ‘ಇದನ್ನ ದುಡ್ಡು ಕೊಟ್ಟು ಯಾರು ತೊಗೋತಾರೆ? ನೀನು ತೊಗೋತೀಯಾ?’ ನಾನು ತೊಗೊಳಲ್ಲ. ನಿಜ ಹೇಳ್ಬೇಕಂದ್ರೆ ನಾನು ಕೈಯಲ್ಲಿ ಹಿಡಿದು ನೋಡಿದ ಸಂಗೀತ ಪತ್ರಿಕೆಗಳೆಲ್ಲ ಇಂಗ್ಲಿಷಿನವು. 1993ರಲ್ಲಿ ಅಲಹಾಬಾದಿನಲ್ಲಿ ಶುರುವಾದ ರಾಕ್ ಸ್ಟ್ರೀಟ್ ಜರ್ನಲ್‌ನ ಹಳೇ ಸಂಚಿಕೆ ಎರಡು, 2008ರಿಂದ ಬರ್ತಿರೋ ರೋಲಿಂಗ್ ಸ್ಟೋನ್ ಇಂಡಿಯಾ ಸಂಚಿಕೆ ಒಂದಷ್ಟು. ನಾನು ಬೆಳೆದಿದ್ದು ಆ ಸಂಗೀತ ಕೇಳ್ಕೊಂಡಲ್ಲ. ನಾನು ಬೆಳೆದಿದ್ದು ತುಮಕೂರು ಜಿಲ್ಲೆಯ ಒಂದು ಊರಲ್ಲಿ. ನನಗೆ ಮೈ ಜುಂ ಅನ್ನೋ ಸದ್ದು ಅಂದ್ರೆ ಜಾತ್ರೆ ದಿನ ಬೆಳಗಿನ ಜಾವ ಕೇಳೋ ತಮಟೆ.

ಹಾಗಾಗಿ ಕನ್ನಡ ಪತ್ರಿಕೆ, ಹೆಸರು ‘ಸದ್ದು’, ಮುಖಪುಟಕ್ಕೆ ನಮ್ಮೂರಿನ ತಮಟೆ ತಾತ. 2023ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಕಲಾವಿದ ಮುನಿವೆಂಕಟಪ್ಪ ಅವರಿಗೆ ಪದ್ಮಶ್ರೀ ಬಂದಿತ್ತಲ್ಲ, ಆ ಸುದ್ದಿಯೂ ತಲೆಯಲ್ಲಿತ್ತು. ಮೇಡಂ ಒಪ್ಪಿದ್ರು.

ಊರಿಗೆ ಹೋದೆ. ಇಲ್ಲಿ ಒಂದು ವಿಷಯ ಹೇಳಲೇಬೇಕು. ಆ ತಾತನ ತಮಟೆ ನಾನು ಹುಟ್ಟಿದಾಗಿಂದ ಕೇಳಿದೀನಿ. ನಮ್ಮ ಅಜ್ಜಿ ಸತ್ತಾಗ ಮುಂದೆ ನಿಂತು ಬಾರಿಸಿದ್ದು ಅವರೇ. ಆದ್ರೆ ಅವರ ಹೆಸರು ನನಗೆ ಗೊತ್ತಿರಲಿಲ್ಲ. ‘ತಮಟೆಯವನು’ ಅಂತಲೇ ಮನೆಯಲ್ಲಿ ಅನ್ನೋದು. ಅವರ ಬೀದಿ ಊರಿನ ಆ ಕೊನೆಗಿದೆ, ನಮ್ಮ ಮನೆಯಿಂದ ನಡೆದ್ರೆ ಆರು ನಿಮಿಷ. ಇಪ್ಪತ್ತು ವರ್ಷದಲ್ಲಿ ನಾನು ಆ ಬೀದಿಗೆ ಕಾಲಿಟ್ಟಿದ್ದು ಅವತ್ತೇ ಮೊದಲು, ಅದೂ ಕಾಲೇಜಿನ ಕ್ಯಾಮೆರಾ ಕುತ್ತಿಗೆಗೆ ಹಾಕ್ಕೊಂಡು. ಪತ್ರಿಕೆಗೆ ಬೇಕು ಅಂತ ಹೆಸರು ಕೇಳಿದೆ. ಅವರು ಒಂದು ಕ್ಷಣ ನನ್ನನ್ನೇ ನೋಡಿ, ಆಮೇಲೆ ಹೇಳಿದ್ರು.

ಅವರ ಹೆಸರನ್ನ ನಾನು ಇಲ್ಲಿ ಹೇಳ್ತಿಲ್ಲ. ಈ ಎಪಿಸೋಡಿನ ಜೊತೆ ಆ ಮುಖಪುಟದ ಫೋಟೊನೂ ಇಲ್ಲ. ಯಾಕೆ ಅಂತ ಆಮೇಲೆ ಹೇಳ್ತೀನಿ.

ತಮಟೆ ನೋಡಿದೀರಲ್ಲ? ದುಂಡನೆ ಚೌಕಟ್ಟಿಗೆ ಬಿಗಿದ ಚರ್ಮ, ಒಂದು ಕೈಯಲ್ಲಿ ದಪ್ಪ ಕೋಲು, ಇನ್ನೊಂದು ಕೈಯಲ್ಲಿ ತೆಳ್ಳನೆ ಉದ್ದ ಕಡ್ಡಿ. ಬಾರಿಸೋಕೆ ಮುಂಚೆ ಬೆಂಕಿಗೆ ಹಿಡಿದು ಕಾಯಿಸ್ತಾರೆ. ತಣ್ಣಗಿದ್ರೆ, ತೇವ ಇದ್ರೆ ಚರ್ಮ ಸಡಿಲ, ಸದ್ದು ಬದ್ದನೆ ಬರುತ್ತೆ. ಕಾದ್ರೆ ಬಿಗಿಯಾಗಿ ಸದ್ದು ಖಣಿ ಅನ್ನುತ್ತೆ. ಈಗ ಪ್ಲಾಸ್ಟಿಕ್ ಹಾಳೆಯ ತಮಟೆಗಳೂ ಬಂದಿವೆ, ಅವಕ್ಕೆ ಬೆಂಕಿ ಬೇಡ, ಮಳೆಯಾದ್ರೂ ಕೆಡಲ್ಲ. ತಾತನ ಹತ್ರ ಎರಡೂ ಇತ್ತು. ‘ಮೆರವಣಿಗೆಗೆ ಪ್ಲಾಸ್ಟಿಕ್ಕೇ ವಾಸಿ ಕಣವ್ವ, ಹಗುರ’ ಅಂದ್ರು. ನಾನು ‘ಬೇಡ ತಾತ, ಚರ್ಮದ್ದೇ ಇರ್ಲಿ, ಬೆಂಕಿ ಹಾಕಿ’ ಅಂದೆ. ನನಗೆ ಬೇಕಿದ್ದು ಬೆಂಕಿ.

ಸಂಜೆ ಆರೂವರೆ. ಒಣಗಿದ ತೆಂಗಿನ ಗರಿ ಗುಡ್ಡೆ ಹಾಕಿ ಹಚ್ಚಿದ್ರು. ತಾತ ಬೆಂಕಿಯ ಈ ಕಡೆ, ನಾನು ಅವರ ಮುಂದೆ. ಹಿಂದೆ ಜ್ವಾಲೆ, ಹೊಗೆ, ಎದೆ ಮುಂದೆ ತಮಟೆ. 140 ಫೋಟೊ ತೆಗೆದೆ. ಅವರ ಜೊತೆ ಬಾರಿಸೋ ಇನ್ನು ಮೂರು ಜನ ಪಕ್ಕದಲ್ಲಿ ನಿಂತು ನೋಡ್ತಿದ್ರು. ಅವರನ್ನ ‘ಸ್ವಲ್ಪ ಆಚೆ ನಿಂತ್ಕೊಳಿ ಅಣ್ಣಾ, ಫ್ರೇಮಲ್ಲಿ ಬರ್ತಿದೀರಿ’ ಅಂದೆ. ನಾನೇ ಅಂದಿದ್ದು.

ಹಾಸ್ಟೆಲ್ಲಿಗೆ ಬಂದು ಕೆಲಸಕ್ಕೆ ಕೂತೆ. ಇಲ್ಲಿಂದ ಸ್ವಲ್ಪ ಟೆಕ್ನಿಕಲ್. ಮುಖಪುಟ ಮಾಡಬೇಕು ಅನ್ನೋರಿಗೆ ಉಪಯೋಗಕ್ಕೆ ಬರಬಹುದು.

ಮೊದಲು ಅಳತೆ. ಎ4 ಅಂದ್ರೆ 210 ಮಿಲಿಮೀಟರ್ ಅಗಲ, 297 ಎತ್ತರ. ಆದ್ರೆ ಫೈಲು ಅಷ್ಟೇ ಇದ್ರೆ ಸಾಲದು. ಕಟಿಂಗ್ ಮಿಷನ್ನು ಒಂದು ಕೂದಲೆಳೆ ಆಚೀಚೆ ಹೋದ್ರೂ ಅಂಚಲ್ಲಿ ಬಿಳಿ ಗೆರೆ ಉಳಿಯುತ್ತೆ. ಅದಕ್ಕೆ ನಾಲ್ಕೂ ಕಡೆ 3 ಮಿಲಿಮೀಟರ್ ಜಾಸ್ತಿ ಬಿಡ್ತಾರೆ, ಬ್ಲೀಡ್ ಅಂತಾರೆ. ಅಲ್ಲಿಗೆ ಫೈಲು 216 ಇಂಟು 303. ಒಂದು ಇಂಚಿಗೆ 300 ಪಿಕ್ಸೆಲ್ ಲೆಕ್ಕದಲ್ಲಿ ಸುಮಾರು 2,550 ಇಂಟು 3,580 ಪಿಕ್ಸೆಲ್. ಈಗಿನ ಫೋನ್ ಕ್ಯಾಮೆರಾಗೂ ಇದು ಕಷ್ಟ ಅಲ್ಲ. ಕಷ್ಟ ಆಗೋದು ಆ ಫೋಟೊನ ವಾಟ್ಸಾಪಲ್ಲಿ ಕಳಿಸಿದಾಗ. ಅದು ಕುಗ್ಗಿಸಿಬಿಡುತ್ತೆ. ಕಳಿಸಲೇಬೇಕಂದ್ರೆ ಡಾಕ್ಯುಮೆಂಟ್ ಅಂತ ಕಳಿಸಿ. ನಮ್ಮ ಕ್ಲಾಸಲ್ಲಿ ಮೂರು ಜನರ ಮುಖಪುಟ ಇದರಿಂದಲೇ ಮಸುಕಾಗಿ ಬಂತು.

ಆಮೇಲೆ ಹೆಸರು. ಫೋಟೊಶಾಪಲ್ಲಿ ‘ಸದ್ದು’ ಟೈಪ್ ಮಾಡಿದ್ರೆ ಒತ್ತಕ್ಷರ ಕೂಡ್ಲೇ ಇಲ್ಲ. ದಕಾರ ಒಂದು ಕಡೆ, ಇನ್ನೊಂದು ದು ಇನ್ನೊಂದು ಕಡೆ, ನಡುವೆ ಅರ್ಧಾಕ್ಷರದ ಕೊಂಬು. ಒಂದು ರಾತ್ರಿ ಪೂರ್ತಿ ಫಾಂಟ್ ಬದಲಾಯಿಸಿದೆ. ತಪ್ಪು ಫಾಂಟಿನದಲ್ಲ, ಸೆಟ್ಟಿಂಗಿಂದು. ಟೈಪ್ ಸೆಟ್ಟಿಂಗಲ್ಲಿ ‘ವರ್ಲ್ಡ್ ರೆಡಿ ಲೇಔಟ್’ ಆರಿಸ್ಬೇಕು, ಇನ್‌ಡಿಸೈನಲ್ಲಾದ್ರೆ ‘ವರ್ಲ್ಡ್ ರೆಡಿ ಕಂಪೋಸರ್’. ಅಷ್ಟು ಮಾಡಿದ್ರೆ ಕನ್ನಡ ಕನ್ನಡದ ಥರ ಕೂರುತ್ತೆ. ಫಾಂಟು ಬೇಕಿದ್ರೆ ಬಲೂ ತಮ್ಮ, ಅನೇಕ್ ಕನ್ನಡ, ನೋಟೊ, ಇವೆಲ್ಲ ಗೂಗಲ್ ಫಾಂಟ್ಸಲ್ಲಿ ಪುಕ್ಕಟೆ ಸಿಗ್ತವೆ.

ನಿಜವಾದ ತಲೆನೋವು ಇದಾದ ಮೇಲೆ. ಟೈಮ್, ರೋಲಿಂಗ್ ಸ್ಟೋನ್ ಮುಖಪುಟ ನೋಡಿ: ವ್ಯಕ್ತಿಯ ತಲೆ ಪತ್ರಿಕೆಯ ಹೆಸರಿನ ಮೇಲೆ ಬಂದಿರುತ್ತೆ, ಒಂದೆರಡು ಅಕ್ಷರ ಮುಚ್ಚಿಹೋಗಿರುತ್ತೆ. ಚೆನ್ನಾಗಿರುತ್ತೆ, ಫೋಟೊಗೆ ಆಳ ಬರುತ್ತೆ. ನಾನೂ ಹಾಗೇ ಮಾಡಿದೆ. ತಾತನ ತಲೆ ಹೆಸರಿನ ಮುಂದೆ ಬಂತು. ಗೆಳತಿಗೆ ತೋರಿಸಿದ್ರೆ ‘ಸದು ಅಂದ್ರೇನೇ?’ ಅಂದಳು. ಕೆಳಗಿದ್ದ ದ ಒತ್ತನ್ನ ತಾತನ ಪೇಟ ನುಂಗಿಬಿಟ್ಟಿತ್ತು. ಇಂಗ್ಲಿಷ್ ದೊಡ್ಡಕ್ಷರಗಳ ಕೆಳಗಿನ ಅಂಚು ಗೆರೆ ಎಳೆದ ಹಾಗೆ ಸಮ ಇರುತ್ತೆ. ನಮ್ಮದರಲ್ಲಿ ಮೇಲೆ ತಲೆಕಟ್ಟು, ಗುಡಿಸು, ಕೆಳಗೆ ಒತ್ತು. ಒತ್ತು ಹೋದ್ರೆ ಪದವೇ ಹೋಯ್ತು. ಅದೂ ಅಲ್ಲದೆ, ಅರವತ್ತು ಎಪ್ಪತ್ತು ವರ್ಷದ ಪತ್ರಿಕೆ ಅಕ್ಷರ ಮುಚ್ಚಿದ್ರೂ ಜನ ಗುರುತು ಹಿಡೀತಾರೆ. ಹುಟ್ಟದೇ ಇರೋ ಪತ್ರಿಕೆಗೆ ಆ ಸೌಕರ್ಯ ಎಲ್ಲಿಂದ ಬರ್ಬೇಕು? ಕೊನೆಗೆ ತಾತನನ್ನ ಎಡಕ್ಕೆ ಸರಿಸಿ, ಒತ್ತಕ್ಷರ ಅವರ ಪೇಟದ ಬಲಗಡೆ ಖಾಲಿ ಜಾಗದಲ್ಲಿ ಇಳಿಯೋ ಹಾಗೆ ಮಾಡಿದೆ.

ಹೆಸರು ಮೇಲ್ಗಡೆ ಇರ್ಬೇಕು ಅನ್ನೋದಕ್ಕೂ ಕಾರಣ ಇದೆ. ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ ಪತ್ರಿಕೆಗಳನ್ನ ಒಂದರ ಮೇಲೊಂದು ಜೋಡಿಸಿರ್ತಾರೆ, ಇಲ್ಲಾ ದಾರಕ್ಕೆ ಕ್ಲಿಪ್ಪು ಹಾಕಿ ಒತ್ತೊತ್ತಾಗಿ ನೇತುಹಾಕಿರ್ತಾರೆ. ಎಷ್ಟೋ ಸಲ ಕಾಣೋದು ಮೇಲಿನ ನಾಲ್ಕು ಬೆರಳಷ್ಟು ಜಾಗ ಮಾತ್ರ. ಬಾರ್‌ಕೋಡ್ ಕೆಳಗಿನ ಮೂಲೆಗೆ. ನಿಯತಕಾಲಿಕಗಳ ಬಾರ್‌ಕೋಡ್ 977ರಿಂದ ಶುರುವಾಗುತ್ತೆ, ಅದರ ಮುಂದೆ ಆ ಪತ್ರಿಕೆಯ ಐಎಸ್‌ಎಸ್‌ಎನ್ ನಂಬರು. ಬೇರೆ ಪತ್ರಿಕೆಯದ್ದನ್ನ ಕಾಪಿ ಮಾಡ್ಬೇಡಿ, ನಕಲಿ ಗೀಟು ಹಾಕಿ ಸಾಕು. ಬೆಲೆ 60 ರೂಪಾಯಿ ಅಂತ ಹಾಕಿದೆ.

ಇನ್ನು ಫೋಟೊ. ನನಗೆ ಬೇಕಿದ್ದು ಖಡಕ್ ಲುಕ್. ಹಿನ್ನೆಲೆ ಕಗ್ಗಪ್ಪು, ಬೆಂಕಿ ಕಿತ್ತಳೆ, ತಮಟೆಯ ಮೇಲೆ ಬೆಳಕು. ಕಾಂಟ್ರಾಸ್ಟ್ ಏರಿಸಿದೆ, ಕಪ್ಪನ್ನ ಇನ್ನೂ ಕಪ್ಪು ಮಾಡಿದೆ. ಸಿನಿಮಾ ಪೋಸ್ಟರ್ ಥರ ಇತ್ತು. ಮುಖ್ಯ ಸಾಲು ‘ಬೆಂಕಿಯಲ್ಲಿ ಬೆಂದ ಸದ್ದು’. ಗ್ರೂಪಲ್ಲಿ ಹಾಕಿದಾಗ ಫೈರ್ ಎಮೋಜಿಗಳ ಸುರಿಮಳೆ. ಸೀದಾ ಪ್ರಿಂಟ್ ಅಂಗಡಿಗೆ ಹೋಗಿ, 170 ಜಿಎಸ್‌ಎಂ ಆರ್ಟ್ ಪೇಪರ್ ಮೇಲೆ ಎರಡು ಪ್ರೂಫ್ ತೆಗೆಸಿದೆ. ಒಂದಕ್ಕೆ 40 ರೂಪಾಯಿ. ನನ್ನ ಕಣ್ಣಿಗೆ ಅದು ಸ್ವಲ್ಪ ಕಪ್ಪಾಗಿ ಕಂಡಿತ್ತು, ಆದ್ರೆ ತಪ್ಪು ಅಂತ ಕಂಡಿರಲಿಲ್ಲ. ಇದು ಸರಿಯಾಗಿ ಹೇಳ್ಬೇಕಾದ ಮಾತು. ನೂರು ಸಲ ಆ ಫೋಟೊ ನೋಡಿದ್ದ ನನಗೆ ಮುಖ ಎಲ್ಲಿದೆ ಅಂತ ಮೊದಲೇ ಗೊತ್ತಿತ್ತಲ್ಲ, ಕಣ್ಣೇ ತುಂಬಿಸ್ಕೊಳ್ತಿತ್ತು.

ಶನಿವಾರ ಊರಿಗೆ ಹೋಗಿ ತಾತನ ಕೈಗೆ ಕೊಟ್ಟೆ. ಅವರು ಜಗಲಿ ಮೇಲೆ ಕೂತಿದ್ರು. ಹಾಳೆಯನ್ನ ಬೆಳಕಿಗೆ ಹಿಡಿದ್ರು, ಓರೆ ಮಾಡಿದ್ರು, ಕನ್ನಡಕ ಹಾಕ್ಕೊಂಡು ಮತ್ತೆ ನೋಡಿದ್ರು. ಮೊಮ್ಮಗಳು ಬಂದು ಬಗ್ಗಿ ನೋಡಿ, ‘ಇದ್ರಾಗೆ ತಾತ ಎಲ್ಲವ್ನೆ?’ ಅಂದಳು. ತಾತ ನಗ್ತಾನೇ ಅಂದ್ರು: ‘ತಮಟೆ ಚೆಂದಾಗಿ ಕಾಣ್ತೈತೆ ಕಣವ್ವ. ಬೆಂಕಿನೂ ಕಾಣ್ತೈತೆ. ನಾನೇ ಕಾಣಾಕಿಲ್ವಲ್ಲ.’

ನಿಜ. ಪೇಟದ ಅಂಚು ಇತ್ತು, ಹಲ್ಲು ಇತ್ತು, ಒಂದು ಕೆನ್ನೆಯ ಮೇಲೆ ಬೆಂಕಿಯ ಗೆರೆ ಇತ್ತು. ಕಣ್ಣಿರಲಿಲ್ಲ. ಅವರ ಹೆಸರೂ ಇರಲಿಲ್ಲ. ಕೇಳಿ ಬರ್ಕೊಂಡು ಹೋಗಿದ್ದೆ, ಆದ್ರೆ ‘ಬೆಂಕಿಯಲ್ಲಿ ಬೆಂದ ಸದ್ದು’ ಅಷ್ಟು ದೊಡ್ಡದಾಗಿ ಕೂತ ಮೇಲೆ ಹೆಸರಿಗೆ ಜಾಗ ಸಾಲಲಿಲ್ಲ, ಒಳಪುಟದಲ್ಲಿ ಬರುತ್ತೆ ಅಂದ್ಕೊಂಡಿದ್ದೆ. ಒಳಪುಟ ಅನ್ನೋದೇ ಇಲ್ಲದ ಪತ್ರಿಕೆ.

ವಾಪಸ್ ಬಂದು ಪ್ರಿಂಟ್ ಅಂಗಡಿಯಲ್ಲಿ ಕೇಳಿದಾಗ ಆದದ್ದೇನು ಅಂತ ಗೊತ್ತಾಯ್ತು. ನಮ್ಮ ಸ್ಕ್ರೀನು ತಾನೇ ಬೆಳಕು ಬಿಡುತ್ತೆ. ನಾನು ಕೆಲಸ ಮಾಡ್ತಿದ್ದಿದ್ದು ರಾತ್ರಿ, ಲೈಟ್ ಆರಿಸಿ, ಬ್ರೈಟ್‌ನೆಸ್ ಪೂರ್ತಿ ಇಟ್ಟು. ಅಲ್ಲಿ ಕಡುಕಂದಿಗೂ ಕಪ್ಪಿಗೂ ವ್ಯತ್ಯಾಸ ಕಾಣ್ತಿತ್ತು. ಕಾಗದ ಬೆಳಕು ಬಿಡಲ್ಲ, ತನ್ನ ಮೇಲೆ ಬಿದ್ದಿದ್ದನ್ನ ಹಿಂತಿರುಗಿಸುತ್ತೆ ಅಷ್ಟೆ. ಅದರ ಮೇಲೆ ನೀಲಿ, ಗುಲಾಬಿ, ಹಳದಿ, ಕಪ್ಪು ನಾಲ್ಕೂ ಇಂಕು ಒಂದರ ಮೇಲೊಂದು ಕೂತಾಗ, ಗಾಢವಾದ ಬಣ್ಣಗಳೆಲ್ಲ ಒಂದೇ ಮುದ್ದೆಯಾಗ್ತವೆ. ಬಿಳಿ ಗೋಡೆ ಮುಂದೆ ಬಿಳಿ ಅಂಗಿಯವನ ಫೋಟೊ ಆಗಿದ್ರೆ ಇದು ಗೊತ್ತೇ ಆಗ್ತಿರಲಿಲ್ಲ. ನಮ್ಮ ತಾತನದ್ದು ಕಪ್ಪು ಮೈಬಣ್ಣ, ಹಿಂದೆ ಬೆಂಕಿ, ಎದುರಿಗೆ ಬೆಳಕೇ ಇಲ್ಲ. ಕಾಂಟ್ರಾಸ್ಟ್ ಏರಿಸಿ ಇದ್ದಬದ್ದದ್ದನ್ನೂ ನಾನು ಅಳಿಸಿದ್ದೆ.

ಅಂಗಡಿಯ ಹುಡುಗ ಒಳ್ಳೇವನು, ಮದುವೆ ಆಲ್ಬಮ್ ಮಾಡೋದ್ರಲ್ಲಿ ಪಳಗಿದ ಕೈ. ‘ಬಿಡಿ ಅಕ್ಕಾ, ಎರಡೇ ನಿಮಿಷ’ ಅಂತ ಮುಖ ಸೆಲೆಕ್ಟ್ ಮಾಡಿ ಎಳೆದ. ತಾತ ಗೋಧಿ ಬಣ್ಣಕ್ಕೆ ಬಂದ್ರು. ಇನ್ನೊಂದು ಎಳೆತಕ್ಕೆ ಮದುಮಗ ಆದ್ರು. ಮುಖ ಚೆನ್ನಾಗೇ ಕಾಣ್ತಿತ್ತು, ಯಾರದ್ದೋ ಮುಖ.

ಇದಕ್ಕೆ ಮುಂಚೆ ಕ್ಲಾಸಲ್ಲಿ ಒಂದು ಪಾಠ ಆಗಿತ್ತು, ನಾನು ಪರೀಕ್ಷೆಗೆ ಅಂತ ಬಾಯಿಪಾಠ ಮಾಡಿ ಮರೆತಿದ್ದೆ. 1994ರ ಜೂನ್‌ನಲ್ಲಿ ಅಮೆರಿಕದ ಮಾಜಿ ಫುಟ್‌ಬಾಲ್ ಆಟಗಾರ ಓ.ಜೆ. ಸಿಂಪ್ಸನ್ ಕೊಲೆ ಆರೋಪದಲ್ಲಿ ಬಂಧನವಾದಾಗ, ಪೊಲೀಸರು ತೆಗೆದ ಒಂದೇ ಫೋಟೊ ಟೈಮ್ ಮತ್ತು ನ್ಯೂಸ್‌ವೀಕ್ ಎರಡರ ಮುಖಪುಟದಲ್ಲೂ ಒಂದೇ ವಾರ ಬಂತು. ನ್ಯೂಸ್‌ವೀಕ್ ಇದ್ದ ಹಾಗೇ ಹಾಕಿತು. ಜೂನ್ 27ರ ಟೈಮ್ ಅದನ್ನ ಕಲಾವಿದರೊಬ್ಬರ ಕೈಲಿ ತಿದ್ದಿಸಿ, ಮುಖವನ್ನ ಇನ್ನೂ ಕಪ್ಪಾಗಿಸಿ ಹಾಕಿತು. ಎರಡೂ ಪಕ್ಕಪಕ್ಕದಲ್ಲೇ ಮಾರಾಟಕ್ಕೆ ಇದ್ವಲ್ಲ, ಜನ ಕೂಡಲೇ ಗುರುತಿಸಿದ್ರು, ದೊಡ್ಡ ಗಲಾಟೆ ಆಯ್ತು. ಕಪ್ಪು ಅಂದ್ರೆ ಭಯಂಕರ ಅನ್ನೋ ಹಾಗೆ ತೋರಿಸಿದ್ದೀರಿ ಅಂತ. ಅದಕ್ಕೂ ಹಿಂದೆ, ಫಿಲ್ಮ್ ಕಾಲದಲ್ಲಿ, ಲ್ಯಾಬುಗಳಲ್ಲಿ ಬಣ್ಣ ಸರಿಯಾಗಿದ್ಯಾ ಅಂತ ನೋಡೋಕೆ ಕೊಡ್ಯಾಕ್‌ನವರ ‘ಶರ್ಲಿ ಕಾರ್ಡ್’ ಅಂತ ಇರ್ತಿತ್ತು. ಅದರಲ್ಲಿದ್ದಿದ್ದು ಬಿಳಿ ಚರ್ಮದ ಹೆಂಗಸು. ಅವಳ ಮೈಬಣ್ಣ ಸರಿ ಬಂದ್ರೆ ಬಣ್ಣ ಸರಿ ಅಂತ ಲೆಕ್ಕ.

ನಾನು ತಾತನನ್ನ ಭಯಂಕರ ಮಾಡೋಕೆ ಹೊರಟಿರಲಿಲ್ಲ, ‘ಪವರ್‌ಫುಲ್’ ಮಾಡೋಕೆ ಹೊರಟಿದ್ದೆ. ಪ್ರಿಂಟಲ್ಲಿ ಎರಡೂ ಒಂದೇ ಥರ ಬಂತು. ಅಂಗಡಿ ಹುಡುಗನ ದಾರಿ ಹಿಡಿದ್ರೆ ಇನ್ನೊಂದು ಥರದ ಅಳಿಸೋದು. ಹಳೇ ಫೈಲಲ್ಲಿ ಮುಖದ ಜಾಗದಲ್ಲಿ ವಿವರವೇ ಇಲ್ಲ ಅಂದ್ಮೇಲೆ ಎಳೆದ್ರೆ ಬರೋದು ಬೂದಿ ಬಣ್ಣ ಅಷ್ಟೆ. ಮತ್ತೆ ಫೋಟೊ ತೆಗೀಬೇಕಿತ್ತು.

ಅಪ್ಪನಿಗೆ ಫೋನ್ ಮಾಡಿ, ತಾತನಿಗೆ ಹೇಳಿ ಅಂದೆ. ಅಪ್ಪ, ‘ಎಷ್ಟು ಸಲ ಅವರ ಕೂಲಿ ಕೆಡಿಸ್ತೀಯ?’ ಅಂದ್ರು. ಆಗ ಹೊಳೀತು. ನನ್ನ ಪ್ರಾಜೆಕ್ಟ್ ಫೈಲಲ್ಲಿ ಖರ್ಚಿನ ಪಟ್ಟಿ ಇತ್ತು: ಬಸ್ ಚಾರ್ಜು, ಪ್ರೂಫು, ಪ್ರಿಂಟು, ಲ್ಯಾಮಿನೇಷನ್ನು, ಪೆನ್‌ಡ್ರೈವು. ಮುಖಪುಟದಲ್ಲಿ ಇರೋ ಮನುಷ್ಯನಿಗೆ ಅಂತ ಒಂದು ಸಾಲೂ ಇರಲಿಲ್ಲ. ಸ್ಟುಡಿಯೊಗೆ ಹೋಗಿದ್ರೆ ಲೈಟಿಗೆ ಬಾಡಿಗೆ ಕೊಡ್ತಿದ್ದೆ. ಎರಡನೇ ಸಲ ಹೋದಾಗ ನಾಲ್ಕು ಜನಕ್ಕೂ ಅವರು ಅರ್ಧ ದಿನದ ಮೇಳಕ್ಕೆ ತೊಗೊಳ್ಳೋ ದುಡ್ಡು ಎಷ್ಟು ಅಂತ ಕೇಳಿ ಕೊಟ್ಟೆ. ತಾತ ಮೊದಲು ಬೇಡ ಅಂದ್ರು. ಪಕ್ಕದಲ್ಲಿದ್ದ ಅವರ ತಮ್ಮ, ‘ಯಾಕ್ ಬ್ಯಾಡ? ಕೊಡ್ಲಿ ಬುಡಣ್ಣ’ ಅಂತ ಈಸ್ಕೊಂಡ್ರು. ಅವರು ಈಸ್ಕೊಂಡಿದ್ದು ನನಗೆ ನೆಮ್ಮದಿ ಆಯ್ತು.

ಈ ಸಲ ಬೆಳಿಗ್ಗೆ ಎಂಟು ಗಂಟೆ, ಹುಣಸೇಮರದ ನೆರಳು. ಥರ್ಮಾಕೋಲ್ ಶೀಟಿನ ಒಂದು ದೊಡ್ಡ ತುಂಡು ತೊಗೊಂಡು ಹೋಗಿದ್ದೆ. ಮೊಮ್ಮಗಳು ಅದನ್ನ ಹಿಡ್ಕೊಂಡು ಬಿಸಿಲಿನ ಬೆಳಕನ್ನ ತಾತನ ಮುಖಕ್ಕೆ ತಿರುಗಿಸಿದಳು. ಕ್ಯಾಮೆರಾ ಇಡೀ ದೃಶ್ಯಕ್ಕೆ ಬೆಳಕು ಅಳೆಯೋ ಬದಲು ಮುಖದ ಮೇಲೆ ಮಾತ್ರ ಅಳೆಯೋ ಹಾಗೆ ಸೆಟ್ ಮಾಡಿದೆ, ಸ್ಪಾಟ್ ಮೀಟರಿಂಗ್ ಅಂತಾರೆ. ಫೋನಲ್ಲಾದ್ರೆ ಮುಖದ ಮೇಲೆ ಬೆರಳಿಟ್ಟು ಒತ್ತಿ ಹಿಡಿದ್ರೆ ಹೆಚ್ಚುಕಡಿಮೆ ಅದೇ ಕೆಲಸ ಆಗುತ್ತೆ. ಬೆಂಕಿ ಈ ಸಲವೂ ಇತ್ತು, ತಮಟೆ ಕಾಯಿಸಲೇಬೇಕಲ್ಲ, ಆದ್ರೆ ಪಕ್ಕದಲ್ಲಿ ಸಣ್ಣಗೆ. ಕಪ್ಪು ಚರ್ಮದ ಮೇಲೆ ಬೆಳಕು ಹೇಗೆ ಕೂರುತ್ತೆ ಅಂತ ನಾನು ಅವತ್ತೇ ಸರಿಯಾಗಿ ನೋಡಿದ್ದು: ಹಣೆಯಲ್ಲಿ ನೀಲಿ ಛಾಯೆ, ಕೆನ್ನೆಮೂಳೆಯ ಮೇಲೆ ತಾಮ್ರ, ಕಣ್ಣಿನ ಕೆಳಗೆ ಕಂದು.

ಉಳಿದ ಮೂವರನ್ನ ಹಿಂದೆ ನಿಲ್ಲಿಸಿದೆ, ಸ್ವಲ್ಪ ಮಸುಕಾಗಿ, ಆದ್ರೆ ಯಾರು ಅಂತ ಗೊತ್ತಾಗೋ ಹಾಗೆ. ತಮಟೆಯನ್ನ ಒಬ್ಬನೇ ಬಾರಿಸೋದಿಲ್ಲ ಅಂತ ಬರವಣಿಗೆಯಲ್ಲಿ ಉದ್ದುದ್ದ ಬರೆದಿದ್ದೆ, ಫ್ರೇಮಿಂದ ಮಾತ್ರ ಆಚೆ ಕಳಿಸಿದ್ದೆ.

ಮುಖ್ಯ ಸಾಲಲ್ಲಿ ತಾತನ ಹೆಸರು, ಕೆಳಗೆ ಸಣ್ಣಕ್ಷರದಲ್ಲಿ ಇನ್ನು ಮೂವರದ್ದು. ‘ಬೆಂಕಿಯಲ್ಲಿ ಬೆಂದ’ ತೆಗೆದೆ. ಆ ಸಾಲು ತೋರಿಸಿದಾಗ ತಾತ, ‘ಬೇಯಾಕೆ ಅದೇನು ಸೊಪ್ಪಾ?’ ಅಂದಿದ್ರು. ಅದರ ಬದಲು ಬರೆದದ್ದು: ‘ಜಾತ್ರೆಗೆ ಒಂದು ಹೊಡೆತ, ಸಾವಿಗೆ ಇನ್ನೊಂದು: ನಾಲ್ವರು ತಮಟೆಯವರ ಜೊತೆ ಒಂದು ದಿನ’. ಅದು ಅವರೇ ಹೇಳಿಕೊಟ್ಟ ವಿಷಯ. ಕಣ್ಣು ಮುಚ್ಚಿಕೊಂಡು ದೂರದಿಂದ ಕೇಳಿದ್ರೂ ಮದುವೆಯೋ ಮಣ್ಣೋ ಅಂತ ಊರಿನವರಿಗೆ ಗೊತ್ತಾಗುತ್ತಂತೆ. ನನಗೂ ಗೊತ್ತಾಗ್ತಿತ್ತು, ಚಿಕ್ಕವಳಿದ್ದಾಗಿಂದ. ಗೊತ್ತಿದೆ ಅನ್ನೋದು ಗೊತ್ತಿರಲಿಲ್ಲ.

ಪ್ರಿಂಟಿಗೆ ಹೋಗೋಕೆ ಮುಂಚೆ ಈ ಸಲ ಮಾಡಿದ್ದು: ಸ್ಕ್ರೀನಿನ ಬ್ರೈಟ್‌ನೆಸ್ ಅರ್ಧಕ್ಕೆ ಇಳಿಸಿ, ಹಗಲಲ್ಲಿ ಕೂತು ನೋಡಿದೆ. ಪೂರ್ತಿ ಪುಟ ತೆಗೆಸೋ ಬದಲು ಮುಖದ ಭಾಗ ಮಾತ್ರ ಒಂದೇ ಹಾಳೆಯಲ್ಲಿ ಆರು ಥರ, ಒಂದಕ್ಕಿಂತ ಒಂದು ಸ್ವಲ್ಪ ತೆಳುವಾಗಿ, ಪ್ರಿಂಟ್ ಹಾಕಿಸಿದೆ. 40 ರೂಪಾಯಲ್ಲಿ ಆರು ಪರೀಕ್ಷೆ. ಆ ಹಾಳೆನ ಬಿಸಿಲಲ್ಲಿ, ಟ್ಯೂಬ್‌ಲೈಟಲ್ಲಿ ನೋಡಿ ನಾಲ್ಕನೇದನ್ನ ಆರಿಸಿದೆ. ಮ್ಯಾಟ್ ಲ್ಯಾಮಿನೇಷನ್ ಹಾಕಿದ್ರೆ ಬಣ್ಣ ಇನ್ನಷ್ಟು ಮಂಕಾಗುತ್ತೆ ಅಂತ ಅಂಗಡಿ ಹುಡುಗ ಹೇಳಿದ, ಅದಕ್ಕೇ ಐದನೇದಕ್ಕೆ ಹೋದ್ವಿ. ಈ ಸಲ ಮೌಸ್ ಹಿಡ್ಕೊಂಡು ‘ಬೆಳ್ಳಗೆ ಬೇಡ ಅಲ್ವಾ ಅಕ್ಕಾ, ಬೆಳಕು ಮಾತ್ರ’ ಅಂತ ಅವನೇ ಅಂದ.

ವೈವಾದಲ್ಲಿ ಹೊರಗಿನಿಂದ ಬಂದಿದ್ದ ಪರೀಕ್ಷಕರು ಎರಡೂ ಪ್ರಿಂಟನ್ನ ಪಕ್ಕಪಕ್ಕ ಇಟ್ಕೊಂಡು, ಮೊದಲನೇದೇ ಚೆನ್ನಾಗಿದೆ ಅಂದ್ರು. ಅದರಲ್ಲಿ ಡ್ರಾಮಾ ಇದೆ, ಎರಡನೇದು ಗ್ರೂಪ್ ಫೋಟೊ ಥರ ಇದೆ ಅಂತ. ಡಿಸೈನ್ ಕಣ್ಣಲ್ಲಿ ನೋಡಿದ್ರೆ ಅವರ ಮಾತು ಪೂರ್ತಿ ತಪ್ಪೂ ಅಲ್ಲ. ಬಸ್‌ಸ್ಟ್ಯಾಂಡಲ್ಲಿ ನೇತುಹಾಕಿದ್ರೆ ಬೆಂಕಿಯದ್ದೇ ಮೊದಲು ಕಣ್ಣಿಗೆ ಹೊಡೆಯೋದು. ‘ಸರ್, ಅದರಲ್ಲಿ ಅವರೇ ಕಾಣಲ್ಲ’ ಅಂದೆ. ‘ಸಿಲೂಎಟ್ ಅಂತ ಒಂದು ಇರುತ್ತಲ್ಲಮ್ಮ’ ಅಂದ್ರು. ಇರುತ್ತೆ. ನಾನು ಬೇಕು ಅಂತ ಮಾಡಿದ್ರೆ ಅದು ಸಿಲೂಎಟ್. ಇದು ಹಾಗಲ್ಲ. ಇಷ್ಟನ್ನ ಅವತ್ತು ಸರಿಯಾಗಿ ಹೇಳೋಕೆ ಬರಲಿಲ್ಲ, ಇವತ್ತು ಇಲ್ಲಿ ಹೇಳ್ತಿದೀನಿ. 50ಕ್ಕೆ 36 ಬಂತು.

20 ಕಾಪಿಯಲ್ಲಿ ನಾಲ್ಕು ಊರಿಗೆ ಹೋಯ್ತು, ಒಬ್ಬೊಬ್ಬರಿಗೆ ಒಂದೊಂದು. ಈಗ ಫೋಟೊ ಯಾಕೆ ಇಲ್ಲಿ ಹಾಕಿಲ್ಲ ಅಂತ ಹೇಳ್ತೀನಿ ಅಂದಿದ್ನಲ್ಲ. ಕಾಪಿ ಕೊಡುವಾಗ, ಇನ್‌ಸ್ಟಾಗ್ರಾಮಲ್ಲಿ ಹಾಕ್ಲಾ ತಾತ ಅಂತ ಕೇಳಿದೆ. ಕೈ ಅಡ್ಡ ಹಿಡಿದು, ‘ಫೋನಿಗೆ ಬ್ಯಾಡ’ ಅಂದ್ರು. ಒಂದು ಸಲ ಯಾರದ್ದೋ ಸಾವಿನ ಮನೆ ಮುಂದೆ ಅವರು ಬಾರಿಸ್ತಿದ್ದ ವಿಡಿಯೊಗೆ ಯಾವನೋ ನಗೋ ಸೌಂಡ್ ಸೇರಿಸಿ ಹರಿಬಿಟ್ಟಿದ್ದನಂತೆ. ತಿಂಗಳುಗಟ್ಟಲೆ ಹುಡುಗರು ಅವರನ್ನ ನೋಡಿದಾಗೆಲ್ಲ ಆ ಸೌಂಡ್ ಮಾಡೋರಂತೆ. ‘ಕಾಗದ ಆದ್ರೆ ಯಾರ್ ತಾವ ಐತೆ ಅಂತ ಗೊತ್ತಿರ್ತದೆ ಕಣವ್ವ’ ಅಂದ್ರು. ಇಪ್ಪತ್ತು ಕಾಗದಕ್ಕೆ ಒಪ್ಪಿಗೆ ಕೊಟ್ಟಿದ್ದಾರೆ, ಅಷ್ಟಕ್ಕೇ. ಈ ಕಥೆ ಹೇಳೋಕೂ ಕೇಳಿದೆ. ‘ಹೆಸರು ಬುಟ್ಟು ಹೇಳು’ ಅಂದ್ರು.

ಆಮೇಲೆ ಮುಖಪುಟನ ಮತ್ತೆ ಕೈಗೆತ್ತಿಕೊಂಡು, ಬಾರ್‌ಕೋಡಿನ ಪಕ್ಕ ಬೆರಳಿಟ್ಟು ಕೇಳಿದ್ರು: ‘ಇದೇನವ್ವ, 60 ರೂಪಾಯಿ ಅಂತ ಹಾಕಿದ್ದೀಯ?’

‘ಬೆಲೆ ತಾತ. ಸುಮ್ನೆ ಹಾಕಿರೋದು.’

‘ಯಾರಾದ್ರೂ ಕೊಟ್ರಾ?’

‘ಇಲ್ಲ ತಾತ, ಇದು ಮಾರೋದಲ್ಲ.’

‘ಹೂಂ’ ಅಂದ್ರು. ಒಂದು ನಿಮಿಷ ಬಿಟ್ಟು, ‘ಒಳಗೆ ಏನೂ ಇಲ್ವಾ?’ ಅಂತ ಹಾಳೆ ತಿರುಗಿಸಿ ಹಿಂದುಗಡೆ ನೋಡಿದ್ರು. ಖಾಲಿ ಬಿಳಿ. ‘ಬರೀಬೇಕು ಕಣವ್ವ’ ಅಂದ್ರು.

ಬರೀತಾ ಇದೀನಿ. ಈ ಬೇಸಿಗೆಯಲ್ಲಿ ಎರಡು ಸಲ ಹೋಗಿ ಬಂದೆ, ಹನ್ನೊಂದು ಪುಟ ಆಗಿದೆ. ಪ್ರೂಫ್ ತೆಗೆಸೋಕೆ ಹೋಗೋರಿದ್ರೆ ಪೆನ್‌ಡ್ರೈವ್ ಎರಡು ಇಟ್ಕೊಳ್ಳಿ, ಅಂಗಡಿ ಕಂಪ್ಯೂಟರಲ್ಲಿ ಒಂದು ಖಂಡಿತ ವೈರಸ್ ಹಿಡಿಸ್ಕೊಳ್ಳುತ್ತೆ.